ಇಳಿದು ನಡೆಯಬಲ್ಲ ಸವಾರ

ಫ್ರಾನ್ಸ್ ದೇಶದ ಸೇಂತ್ ಎತಿಯೆನ್ ಪಟ್ಟಣದ ಹೊರವಲಯದಲ್ಲಿ ಒಂದು ಘಾಟಿ ಆರಂಭವಾಗುತ್ತದೆ. ಅದರ ನೆತ್ತಿ ಸಮುದ್ರಮಟ್ಟದಿಂದ 1,161 ಮೀಟರ್ ಎತ್ತರದಲ್ಲಿದೆ. ಅದಕ್ಕೆ ಕೋಲ್ ದ ಲಾ ರೆಪ್ಯುಬ್ಲಿಕ್ ಎಂದು ಹೆಸರು. ಹೆಗ್ಗಾಡು ಎಂಬ ಅರ್ಥದ ಗ್ರಾಂ ಬ್ವಾ ಎಂಬ ಇನ್ನೊಂದು ಹೆಸರೂ ಉಂಟು. 1889ರಲ್ಲಿ ಒಂದು ದಿನ 36 ವರ್ಷದ ವ್ಯಾಪಾರಿಯೊಬ್ಬರು ಸೈಕಲ್ ತುಳಿಯುತ್ತ ಈ ಘಾಟಿಯನ್ನು ಏರುತ್ತಿದ್ದರು. ಹಿಂದಿನಿಂದ ಬಂದ ಮತ್ತೊಬ್ಬ ಸವಾರನು ಬಾಯಲ್ಲಿ ಚುಂಗಾಣಿ ಕಚ್ಚಿಕೊಂಡು, ಹೊಗೆ ಬಿಡುತ್ತಲೇ ಅವರನ್ನು ದಾಟಿ ಮುಂದೆ ಹೋದನು. ಏದುಸಿರು ಬಿಡುತ್ತಿದ್ದ ವ್ಯಾಪಾರಿಗೆ ಆ ಹೊಗೆಯಷ್ಟು ಉರಿ ಹುಟ್ಟಿಸಿದ ವಸ್ತು ಆ ದಿನ ಬೇರೊಂದಿರಲಾರದು.

ಆ ವ್ಯಾಪಾರಿಯ ಹೆಸರು ಪಾಲ್ ದ ವಿವಿ. 1853ರಲ್ಲಿ ಜನಿಸಿದ ಅವರು ರೇಷ್ಮೆಯ ವ್ಯವಹಾರದಲ್ಲಿದ್ದವರು. ಸೈಕಲ್ಲಿನ ಮೋಹ ಬಲವಾಗಿ, 1887ರಲ್ಲಿ ಆ ವ್ಯವಹಾರವನ್ನು ಮಾರಿ ಸೈಕಲ್ ಅಂಗಡಿ ತೆರೆದರು. ಮುಂದೆ ‘ಲ ಸಿಕ್ಲಿಸ್ತ್’ ಎಂದು ಹೆಸರಾದ ಪತ್ರಿಕೆಯನ್ನೂ ಆರಂಭಿಸಿ, ‘ವೆಲೊಸಿಯೊ’ ಎಂಬ ಅಂಕಿತದಲ್ಲಿ ಬರೆಯತೊಡಗಿದರು. ನಡೆಯುತ್ತಿರುವ ಅಂಗಡಿಯನ್ನು ಮೂವತ್ತನಾಲ್ಕರ ಪ್ರಾಯದಲ್ಲಿ ಮಾರಿಬಿಡುವುದೆಂದರೆ ಯಾವ ಊರಿನ ಪೇಟೆಯಲ್ಲಿಯೂ ಹತ್ತು ಜನ ಆಡಿಕೊಳ್ಳುವ ವಿಷಯವೇ. ಘಾಟಿಯಲ್ಲಿ ಅವರನ್ನು ಹಿಂದಿಕ್ಕಿದವನು ಅವರದೇ ಪತ್ರಿಕೆಯ ಓದುಗನಾಗಿದ್ದನು. ಸಂಪಾದಕರಾದವರಿಗೆ ಇದಕ್ಕಿಂತ ದೊಡ್ಡ ಮುಖಭಂಗ ಉಂಟೆ?

ಆಗಿನ ಸೈಕಲ್ಲಿಗೆ ಒಂದೇ ಗೇರು. ವೇಗ ಬೇಕೆಂದು ದೊಡ್ಡ ಗೇರು ಹಾಕಿಸಿಕೊಂಡರೆ ಏರಿನಲ್ಲಿ ತುಳಿಯಲಾಗದು. ಏರಿಗೆಂದು ಸಣ್ಣದನ್ನು ಹಾಕಿಸಿದರೆ ಸಮತಟ್ಟಿನಲ್ಲಿ ಕಾಲು ಎಷ್ಟು ತಿರುಗಿದರೂ ದಾರಿ ಸಾಗದು. ವೆಲೊಸಿಯೊ ಅವರು ಪೆಡಲಿನ ಬಳಿ ಎರಡನೆಯದೊಂದು ಹಲ್ಲುಚಕ್ರವನ್ನು ಜೋಡಿಸಿ, ಏರಿಗೆ ಒಂದು, ಸಮತಟ್ಟಿಗೆ ಒಂದು ಎಂದು ಏರ್ಪಾಡು ಮಾಡಿಕೊಂಡರು. ಗೇರು ಬದಲಿಸಬೇಕಾದಾಗ ಕೆಳಗಿಳಿದು, ಕೈಗೆ ಎಣ್ಣೆಮಸಿ ಹಚ್ಚಿಕೊಂಡು, ಚೈನನ್ನು ಸರಿಸಬೇಕಾಗಿತ್ತು. ಇಂದು ಬೆರಳಿನಿಂದ ಒತ್ತಿದೊಡನೆ ಬದಲಾಗುವ ಗೇರುಗಳ ವಂಶವೃಕ್ಷದಲ್ಲಿ ಈ ಮಸಿ ಹಿಡಿದ ಕೈಗೆ ಹಿರಿಯ ಸ್ಥಾನವಿದೆ. ಅಭಿಮಾನಕ್ಕೆ ಬಿದ್ದ ಪೆಟ್ಟಿನಿಂದ ಹೊರಟ ಈ ಪ್ರಯತ್ನದ ಕರ್ತೃವೇ ಮುಂದೆ ಅಭಿಮಾನಕ್ಕಾಗಿ ಪೆಡಲ್ ತುಳಿಯಬಾರದೆಂದು ಇತರರಿಗೆ ವಿಧಿಸಿದರೆಂಬುದು ಈ ಕಥೆಯ ಸ್ವಾರಸ್ಯ.

ಪ್ರವಾಸಕ್ಕೆಂದೇ ಕಟ್ಟಿದ ಸೈಕಲ್ಲನ್ನು, ಎಂದರೆ ಟೂರಿಂಗ್ ಸೈಕಲ್ಲನ್ನು, ಕಚ್ಚಾದಾರಿ, ಕಾಡುದಾರಿ, ಕೆಸರು ಇವುಗಳಿಗೆ ಇಳಿಸಬಹುದೇ ಎಂಬ ಪ್ರಶ್ನೆಯನ್ನು ಈಗಿನ ಸವಾರರು ಹೊಸದೆಂಬಂತೆ ಕೇಳುವುದುಂಟು. ವೆಲೊಸಿಯೊ ಅವರ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಡಾಂಬರು ಕಾಣದ ಬೆಟ್ಟದ ರಸ್ತೆಗಳಲ್ಲಿ ಬೇಸಿಗೆಗೆ ಧೂಳು, ಮಳೆಗೆ ರಾಡಿ, ಎಲ್ಲ ಕಾಲಕ್ಕೂ ಕಲ್ಲು. ಪ್ರವಾಸವೆಂದರೆ ಕಚ್ಚಾದಾರಿಯ ಪ್ರವಾಸವೇ. ಗೋಧಿಯ ಮೂಟೆಯನ್ನೋ ಹಾಲಿನ ಕ್ಯಾನನ್ನೋ ಹೇರಿಕೊಂಡು ಹೊಲದ ಬದುವಿನ ಮೇಲೆ ಸೈಕಲ್ ಹೊಡೆಯುವ, ಬದು ಕಿರಿದಾದಲ್ಲಿ ಇಳಿದು ತಳ್ಳುವ ಹಳ್ಳಿಗನನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಸ್ತೆ ನುಣುಪಾದ ಮೇಲೆಯೇ ಸೈಕಲ್ಲುಗಳಲ್ಲಿ ಜಾತಿಭೇದ ಹೆಚ್ಚಿದುದು.

1902ರಲ್ಲಿ ಫ್ರಾನ್ಸಿನ ಪ್ರವಾಸಿ ಸಂಘವೊಂದು ಪಿರಿನೀಸ್ ಪರ್ವತಗಳ ತೂರ್ಮಾಲೆ ಘಾಟಿಯಲ್ಲಿ ಸೈಕಲ್ಲುಗಳ ಪರೀಕ್ಷೆ ನಡೆಸಿತು. 2,115 ಮೀಟರ್ ಎತ್ತರದ ಆ ಘಾಟಿಯ ದಾರಿ ಅಂದು ದಾರಿಯೆನ್ನಿಸಿಕೊಳ್ಳಲು ಅರ್ಹವಾಗಿರಲಿಲ್ಲ. ಎದುಆರ್ ಫಿಶರ್ ಎಂಬ ನುರಿತ ಸ್ಪರ್ಧಾಳು ಒಂದೇ ಗೇರಿನ ಸೈಕಲ್ಲನ್ನೇರಿ ಹೊರಟರು. ಮಾರ್ತ್ ಹೆಸ್ ಎಂಬ ಮಹಿಳೆ ಮೂರು ಗೇರುಗಳ ‘ಗೋಲ್ವಾಸ್’ ಸೈಕಲ್ಲನ್ನೇರಿದರು. ಕಡಿದಾದ ಏರಿನಲ್ಲಿ ಫಿಶರ್ ಇಳಿದು ನಡೆಯಬೇಕಾಯಿತು. ಆಕೆ ಕಾಲು ನೆಲಕ್ಕೆ ಊರದೆ ಮೇಲೆ ಮುಟ್ಟಿದರು. ಇದರಿಂದ ಪಾಠ ಕಲಿಯಬೇಕಾಗಿದ್ದ ಸ್ಪರ್ಧಾಲೋಕ ಕಲಿಯಲಿಲ್ಲ. ಮರುವರ್ಷ ಟೂರ್ ದ ಫ್ರಾನ್ಸ್ ಪಂದ್ಯವನ್ನು ಹುಟ್ಟುಹಾಕಿದ ಆನ್ರಿ ದೆಗ್ರಾಂಜ್ ಅವರು, ಗೇರು ಬದಲಿಸುವ ಉಪಕರಣವೆಲ್ಲ ನಲವತ್ತೈದು ದಾಟಿದವರಿಗೆ, ಶೂರರಿಗೆ ಸ್ನಾಯುಬಲವೇ ಸಾಕು ಎಂಬ ಅಭಿಪ್ರಾಯವನ್ನು ಹಿಡಿದು ಕುಳಿತರು. ಆ ಪಂದ್ಯದಲ್ಲಿ ಇಂತಹ ಗೇರುಗಳಿಗೆ ಅನುಮತಿ ದೊರೆತುದು 1937ರಲ್ಲಿ. ಸಣ್ಣ ಗೇರಿಗೆ ಇಳಿಯುವುದನ್ನು ಅವಮಾನವೆಂದು ಬಗೆದ ಒಂದು ಪೀಳಿಗೆಯೇ ಮೂರು ದಶಕಗಳ ಕಾಲ ಮೊಣಕಾಲು ಸವೆಸಿಕೊಂಡಿತು.

ವೆಲೊಸಿಯೊ ಅವರು ಪ್ರವಾಸಿಗಳಿಗೆಂದು ಏಳು ನಿಯಮಗಳನ್ನು ಬರೆದರು. ವಿಶ್ರಾಂತಿ ಕಡಿಮೆಯಾಗಿ, ಗಳಿಗೆಯ ಮಟ್ಟಿಗೆ ಇರಲಿ. ಹಸಿವಾಗುವ ಮೊದಲೇ ಮಿತವಾಗಿ ಉಣ್ಣಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಊಟ ನಿದ್ರೆಗಳೂ ಬೇಡವೆನಿಸುವಷ್ಟು ದಣಿಯಬಾರದು. ಚಳಿಗೆ ಮುಂಚೆ ಹೊದೆಯಬೇಕು, ಸೆಕೆಗೆ ಮುಂಚೆ ತೆಗೆಯಬೇಕು. ಪ್ರವಾಸದಲ್ಲಿ ಮದ್ಯ, ಮಾಂಸ, ಹೊಗೆಸೊಪ್ಪು ಸಲ್ಲವು. ಆರಂಭದ ತಾಸುಗಳಲ್ಲಿ ಬಲವನ್ನು ಮೀರಿ ತುಳಿಯಬಾರದು. ಕೊನೆಯದಾಗಿ, ಆತ್ಮಾಭಿಮಾನವನ್ನು ತೃಪ್ತಿಪಡಿಸುವುದಕ್ಕಾಗಿ ಎಂದೂ ಪೆಡಲ್ ತುಳಿಯಬಾರದು. ಇವು ಆ ನಿಯಮಗಳ ತಾತ್ಪರ್ಯ. ಐದನೆಯ ನಿಯಮವನ್ನು ಕಂಡು ಈ ಪತ್ರಿಕೆಯ ಓದುಗರು ಸಂತೋಷಪಡುವುದು ಸಹಜ. ಅವರು ಸಸ್ಯಾಹಾರಿಯಾಗಿದ್ದರೆಂಬುದೂ ನಿಜ. ಆದರೆ ಅವರು ರೇಷ್ಮೆಯನ್ನು ಬಿಟ್ಟುದು ಸೈಕಲ್ಲಿನ ಮೇಲಿನ ಪ್ರೀತಿಯಿಂದ, ಹುಳುವಿನ ಮೇಲಿನ ದಯೆಯಿಂದಲ್ಲ. ಇದ್ದುದನ್ನು ಇದ್ದಂತೆ ಹೇಳಬೇಕು.

ಕಚ್ಚಾದಾರಿಯ ಸವಾರನಿಗೆ ಅತ್ಯಂತ ಬೇಕಾದುದು ಆ ಏಳನೆಯ ನಿಯಮ. ಜೈನಶಾಸ್ತ್ರವು ನಾಲ್ಕು ಕಷಾಯಗಳಲ್ಲಿ ಎರಡನೆಯದಾಗಿ ಎಣಿಸಿದ ಮಾನಕಷಾಯಕ್ಕೆ ಕಲ್ಲುದಾರಿಯಷ್ಟು ಬೇಗ ಫಲ ತೋರಿಸುವ ಸ್ಥಳ ಮತ್ತೊಂದಿಲ್ಲ. ಸಂಗಡಿಗನು ಇಳಿಯದೆ ಹೋದನೆಂಬ ಒಂದೇ ಕಾರಣಕ್ಕೆ ತಾನೂ ಇಳಿಯದೆ ಹೋದವನು ಮುಂದಿನ ತಿರುವಿನಲ್ಲಿ ಕಲ್ಲಿನ ಮೇಲೆ ಬಿದ್ದಿರುತ್ತಾನೆ. ಅಂಥವನು ಬೀಳುವಾಗ ಸೈಕಲ್ಲಿನ ಜಾತಿ ಯಾವುದೆಂದು ಕಲ್ಲು ವಿಚಾರಿಸುವುದಿಲ್ಲ.

ಹೀಗಿರುವಾಗ, ಇಳಿಯುವುದನ್ನೇ ಆಟದ ಅಂಗವನ್ನಾಗಿ ಮಾಡಿಕೊಂಡ ಸ್ಪರ್ಧೆಯೊಂದು ಅದೇ ಫ್ರಾನ್ಸಿನಲ್ಲಿ ಅದೇ ಕಾಲಕ್ಕೆ ಹುಟ್ಟಿತೆಂಬುದು ಗಮನಾರ್ಹ. ಅದರ ಹೆಸರು ಸೈಕ್ಲೋಕ್ರಾಸ್. ದಾನಿಯೆಲ್ ಗೂಸೋ ಎಂಬ ಸೈನಿಕರು ಕುದುರೆಯೇರಿದ ಗೆಳೆಯರ ಜೊತೆ ಕಾಡಿನಲ್ಲಿ ಸೈಕಲ್ ಓಡಿಸುತ್ತಿದ್ದರಂತೆ. ಆ ರೂಢಿಯಿಂದ ಬೆಳೆದ ಪಂದ್ಯದ ಮೊದಲ ರಾಷ್ಟ್ರೀಯ ಸ್ಪರ್ಧೆ 1902ರಲ್ಲಿ ನಡೆಯಿತು. ಶರತ್ಕಾಲ ಮತ್ತು ಚಳಿಗಾಲದಲ್ಲಿ, ಹುಲ್ಲು, ಮರಳು, ಕೆಸರುಗಳ ಮೂಲಕ ಸಾಗುವ ಸುಮಾರು ಮೂರು ಕಿಲೋಮೀಟರಿನ ಸುತ್ತನ್ನು ಸವಾರರು ಒಂದು ತಾಸಿನಷ್ಟು ಕಾಲ ಮತ್ತೆ ಮತ್ತೆ ಸುತ್ತಬೇಕು. ಅಡ್ಡಲಾಗಿ ಹಲಗೆಗಳನ್ನು ನೆಟ್ಟಿರುತ್ತಾರೆ, ಮೆಟ್ಟಿಲುಗಳಿರುತ್ತವೆ, ಹತ್ತಲಾಗದ ದಿಣ್ಣೆಗಳಿರುತ್ತವೆ. ಅಲ್ಲೆಲ್ಲ ಸವಾರನು ಓಡುತ್ತಿರುವ ಸೈಕಲ್ಲಿನಿಂದ ಜಿಗಿದು, ಅದನ್ನು ಹೆಗಲಿಗೇರಿಸಿ ಓಡಿ, ಮತ್ತೆ ಜಿಗಿದು ಏರುತ್ತಾನೆ. 1910ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವು ಮೊದಲ ಬಾರಿಗೆ ತೂರ್ಮಾಲೆಯನ್ನು ಹತ್ತಿದಾಗ ನೆತ್ತಿಯನ್ನು ಮೊದಲು ಮುಟ್ಟಿದ ಒಕ್ತಾವ್ ಲಾಪಿಜ್ ದಾರಿಯಲ್ಲಿ ಕೆಲವು ಕಡೆ ಸೈಕಲ್ ತಳ್ಳಿಕೊಂಡು ನಡೆದಿದ್ದರು. ಆ ವರ್ಷದ ಪಂದ್ಯವನ್ನು ಗೆದ್ದವರೂ ಅವರೇ. ಅವರ ಗೆಲುವಿಗೆ ಸೈಕ್ಲೋಕ್ರಾಸಿನ ಅಭ್ಯಾಸವೂ ಕಾರಣವೆಂದು ಪ್ರಚಾರವಾಗಿ, ಈ ಆಟಕ್ಕೆ ಮನ್ನಣೆ ಬಂದಿತು. ಮೊದಲ ವಿಶ್ವ ಸ್ಪರ್ಧೆ 1950ರಲ್ಲಿ ಪ್ಯಾರಿಸಿನಲ್ಲಿ ನಡೆಯಿತು.

ಸೈಕ್ಲೋಕ್ರಾಸಿಗೆಂದು ಕಟ್ಟಿದ ಸೈಕಲ್ಲನ್ನೂ ಟೂರಿಂಗ್ ಸೈಕಲ್ಲನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಅರಿಯದವರಿಗೆ ಅವೆರಡೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಎರಡಕ್ಕೂ ಕೆಳಕ್ಕೆ ಬಾಗಿದ ಹ್ಯಾಂಡಲ್, ದೊಡ್ಡ ಚಕ್ರ, ಅಗಲ ಟಯರು ಹಿಡಿಸುವಷ್ಟು ಅಂತರ. ಡಿಸ್ಕ್ ಬ್ರೇಕು ಬರುವ ಮೊದಲು ಎರಡಕ್ಕೂ ಸಾಮಾನ್ಯವಾಗಿ ಕ್ಯಾಂಟಿಲಿವರ್ ಎಂಬ ಒಂದೇ ಬಗೆಯ ಬ್ರೇಕು ಇರುತ್ತಿತ್ತು. ಒಂದರಲ್ಲಿ ಅದು ಕೆಸರಿಗೆ ಎಡೆ ಬಿಡಲು, ಇನ್ನೊಂದರಲ್ಲಿ ಮಡ್‌ಗಾರ್ಡಿಗೆ ಎಡೆ ಬಿಡಲು. ಆದರೆ ಒಳಗುಣ ಬೇರೆ. ಟೂರಿಂಗ್ ಸೈಕಲ್ಲನ್ನು ಹೊರೆ ಹೊತ್ತು ದಿನವಿಡೀ ನೇರವಾಗಿ ಸಾಗಲೆಂದು ಉದ್ದವಾಗಿ, ತಗ್ಗಾಗಿ, ಗಟ್ಟಿಯಾಗಿ ಕಟ್ಟಿರುತ್ತಾರೆ. ಹಿಂದಿನ ಚಕ್ರ ಪೆಡಲಿನಿಂದ ದೂರವಿರುವುದರಿಂದ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗುವುದಿಲ್ಲ. ಪೆಡಲಿನ ಅಚ್ಚು ತಗ್ಗಿನಲ್ಲಿರುವುದರಿಂದ ಹೊರೆಯಿದ್ದರೂ ಓಲಾಡುವುದಿಲ್ಲ. ಸೈಕ್ಲೋಕ್ರಾಸ್ ಸೈಕಲ್ಲು ಚುರುಕಾಗಿ ತಿರುಗಬೇಕು, ಹೆಗಲಿಗೆ ಹಗುರವಾಗಿರಬೇಕು. ಮೊದಲನೆಯದು ಎತ್ತು, ಎರಡನೆಯದು ಕರು.

ಎತ್ತನ್ನು ಕೆಸರಿಗಿಳಿಸುವವರು ಮಾಡಿಕೊಳ್ಳಬೇಕಾದ ಸಿದ್ಧತೆ ಬಹಳವೇನೂ ಇಲ್ಲ, ಆದರೆ ಮಾಡದಿದ್ದರೆ ಅಪಾಯವಿದೆ. ಮೊದಲು ಮಡ್‌ಗಾರ್ಡುಗಳನ್ನು ಬಿಚ್ಚಬೇಕು. ರಸ್ತೆಯಲ್ಲಿ ಬಟ್ಟೆಯನ್ನು ಕಾಯುವ ಈ ತಗಡು ಕೆಸರಿನಲ್ಲಿ ಶತ್ರು. ಟಯರಿಗೂ ಅದಕ್ಕೂ ನಡುವೆ ಜಿಗುಟು ಮಣ್ಣು ತುಂಬಿ ಚಕ್ರವೇ ನಿಂತುಹೋಗುತ್ತದೆ. ಅದಕ್ಕಿಂತ ಕೆಟ್ಟುದೆಂದರೆ ಮುಂಚಕ್ರದಲ್ಲಿ ಒಂದು ಕಡ್ಡಿ ಸಿಕ್ಕಿ, ಮಡ್‌ಗಾರ್ಡು ಮಡಚಿಕೊಂಡು, ಸವಾರನು ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಎಸೆಯಲ್ಪಡುವುದು. ಕ್ಯಾರಿಯರನ್ನೂ ನೀರಿನ ಬಾಟಲಿಯ ಹಿಡಿಕೆಗಳನ್ನೂ ತೆಗೆದರೆ ಫ್ರೇಮಿನ ತ್ರಿಕೋನದಲ್ಲಿ ತೋಳು ತೂರಿಸಿ ಹೆಗಲಿಗೇರಿಸಿಕೊಳ್ಳಲು ಜಾಗ ಸಿಗುತ್ತದೆ. ಅಷ್ಟಾದರೂ ಭಾರ ಭಾರವೇ; ಸ್ಪರ್ಧೆಯ ಸೈಕಲ್ಲಿಗಿಂತ ಮೂರು ನಾಲ್ಕು ಕಿಲೋ ಹೆಚ್ಚನ್ನು ಹೊತ್ತು ಮೆಟ್ಟಿಲು ಓಡುವವನ ಹೆಗಲೇ ಅದನ್ನು ತೂಕ ಮಾಡಿ ಹೇಳುತ್ತದೆ.

ಎರಡನೆಯದು ಟಯರು ಮತ್ತು ಗಾಳಿ. ನುಣುಪಾದ ಟಯರನ್ನು ಬಿಚ್ಚಿ, ಫ್ರೇಮಿನ ಅಂತರ ಅನುಮತಿಸಿದರೆ 35ರಿಂದ 40 ಮಿಲಿಮೀಟರ್ ಅಗಲದ, ಗುಬುಟುಗಳಿರುವ ಟಯರು ಹಾಕುವುದು ಉಚಿತ. ಅಂತರರಾಷ್ಟ್ರೀಯ ಸೈಕ್ಲೋಕ್ರಾಸ್ ಸ್ಪರ್ಧೆಗಳಲ್ಲಿ ಟಯರು 33 ಮಿಲಿಮೀಟರ್ ಮೀರಬಾರದೆಂಬ ನಿಯಮವಿದೆ. ಹವ್ಯಾಸಕ್ಕೆ ಹೋಗುವವರಿಗೆ ಅದರ ಗೊಡವೆಯಿಲ್ಲ. ರಸ್ತೆಯಲ್ಲಿ ಹೊಡೆಯುವಷ್ಟು ಗಾಳಿಯನ್ನು ಇಲ್ಲಿ ಹೊಡೆದರೆ ಸೈಕಲ್ಲು ಪ್ರತಿ ಕಲ್ಲಿನ ಮೇಲೂ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ತೀರ ಕಡಿಮೆ ಹೊಡೆದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಅಪ್ಪಚ್ಚಿಯಾಗಿ, ಹಾವು ಕಚ್ಚಿದಂತೆ ಒಟ್ಟಿಗೆ ಎರಡು ತೂತು ಬೀಳುತ್ತವೆ. ಇವೆರಡರ ನಡುವಿನ ಪ್ರಮಾಣವನ್ನು ಸವಾರನ ತೂಕ, ಟಯರಿನ ಅಗಲ, ದಾರಿಯ ಸ್ವಭಾವ ನೋಡಿ ಕಂಡುಕೊಳ್ಳಬೇಕು. ಹೆಬ್ಬೆರಳಿನಿಂದ ಒತ್ತಿ ನೋಡುವ ಹಳೆಯ ಪದ್ಧತಿಯನ್ನು ನಗುವವರಿದ್ದಾರೆ, ಆದರೆ ಅನುಭವಿಗಳ ಹೆಬ್ಬೆರಳು ಮೋಸ ಮಾಡುವುದು ಅಪರೂಪ.

ಗೇರಿನ ವಿಷಯದಲ್ಲಿ ಮಾತ್ರ ಟೂರಿಂಗ್ ಸೈಕಲ್ಲೇ ಶ್ರೀಮಂತ. ಹೊರೆಯೊಡನೆ ಘಾಟಿ ಹತ್ತಲೆಂದು ಅದಕ್ಕೆ ಅತಿ ಸಣ್ಣ ಗೇರುಗಳನ್ನು ಕೊಟ್ಟಿರುತ್ತಾರೆ. ಹೊರೆ ಇಳಿಸಿ ಕಾಡಿಗೆ ಹೋದಾಗ ಸೈಕ್ಲೋಕ್ರಾಸ್ ಸವಾರನು ಇಳಿದು ಓಡುವ ದಿಣ್ಣೆಯನ್ನು ಇದರ ಸವಾರನು ಕುಳಿತೇ, ನಿಧಾನವಾಗಿ, ಮಾರ್ತ್ ಹೆಸ್ ಅವರಂತೆ ಹತ್ತಿಬಿಡಬಹುದು. ಸಣ್ಣ ಗೇರಿಗೆ ಇಳಿಯುವುದು, ಸೈಕಲ್ಲಿನಿಂದಲೇ ಇಳಿಯುವುದು, ಎರಡಕ್ಕೂ ಬೇಕಾದ ಮನಸ್ಸು ಒಂದೇ: ನೋಡುವವರ ಎದುರಿಗೆ ನಿಧಾನವಾಗಲು ಒಪ್ಪುವ ಮನಸ್ಸು.

ಇಳಿಜಾರಿನಲ್ಲಿ ಉದ್ದ ಫ್ರೇಮಿನ ಸ್ಥಿರತೆ ನೆರವಾಗುತ್ತದೆ, ಆದರೆ ಗಿಡಗಳ ನಡುವಿನ ಇಕ್ಕಟ್ಟು ತಿರುವಿನಲ್ಲಿ ಅದೇ ತೊಡಕಾಗುತ್ತದೆ. ಗಾಡಿಚಕ್ರ ಕೊರೆದ ಆಳವಾದ ಜಾಡಿನಲ್ಲಿ ತಗ್ಗಾದ ಪೆಡಲು ದಡಕ್ಕೆ ಬಡಿಯುತ್ತದೆ. ಅಂತಲ್ಲಿ ತುಳಿಯುವುದನ್ನು ನಿಲ್ಲಿಸಿ, ಎರಡು ಪೆಡಲುಗಳನ್ನೂ ಸಮಮಟ್ಟದಲ್ಲಿ ಹಿಡಿದು ಜಾರಬೇಕು. ಸೀಟಿನಿಂದ ತುಸು ಎದ್ದು, ಮೊಣಕೈ ಮೊಣಕಾಲುಗಳನ್ನು ಬಾಗಿಸಿ, ಸೈಕಲ್ಲು ತನ್ನ ಕೆಳಗೆ ಆಡಲು ಬಿಡಬೇಕು. ಹಾರುವುದು, ಎತ್ತರದಿಂದ ಧುಮುಕುವುದು ಇವೆಲ್ಲ ಈ ಫ್ರೇಮಿಗೆ ಸಲ್ಲದ ಕೆಲಸಗಳು. ಮುಂಭಾಗದ ಕವಲು ಬಾಗಿದರೆ ರಿಪೇರಿಯವನು ತಟ್ಟಿ ನೇರ ಮಾಡಿಕೊಡಬಹುದು, ಆದರೆ ಒಮ್ಮೆ ಬಾಗಿದ ಕೊಳವೆಯನ್ನು ನಂಬಿ ಘಾಟಿ ಇಳಿಯುವುದು ವಿವೇಕವಲ್ಲ.

ಲೆಕ್ಕ ಬರೆಯುವ ಅಭ್ಯಾಸವುಳ್ಳವರು ಇನ್ನೊಂದು ಸಂಗತಿಯನ್ನು ನೋಡಬೇಕು. ಒಂದೇ ಸೈಕಲ್ಲಿನಿಂದ ಎರಡು ಕೆಲಸ ತೆಗೆದರೆ ಸವಕಳಿ ಹೆಚ್ಚು. ಕೆಸರಿನಲ್ಲಿರುವ ಮರಳು ಚೈನನ್ನೂ ಹಲ್ಲುಚಕ್ರಗಳನ್ನೂ ಅರೆಯುತ್ತದೆ. ರಿಮ್ಮನ್ನು ಹಿಡಿಯುವ ಬ್ರೇಕಾದರೆ ರಿಮ್ಮಿನ ಗೋಡೆಯೇ ತೆಳುವಾಗುತ್ತ ಬಂದು ಒಂದು ದಿನ ಸೀಳುತ್ತದೆ. ಪ್ರತಿ ಸವಾರಿಯ ನಂತರ ತೊಳೆದು, ಒರೆಸಿ, ಎಣ್ಣೆ ಬಿಟ್ಟು, ಕಡ್ಡಿಗಳ ಬಿಗಿ ನೋಡುವ ಅರ್ಧ ತಾಸಿನ ದುಡಿಮೆಯನ್ನು ಖರ್ಚಿನ ಖಾತೆಗೆ ಹಾಕದವರು ಇದು ಅಗ್ಗವೆಂದು ಭ್ರಮಿಸುತ್ತಾರೆ. ಹಾಕಿ ನೋಡಿದರೂ ಎರಡನೆಯ ಸೈಕಲ್ಲಿನ ಬೆಲೆಗಿಂತ ಅದು ಕಡಿಮೆಯೇ, ಆದರೆ ಸೊನ್ನೆಯಲ್ಲ.

ಇಳಿದು ನಡೆಯುವುದನ್ನು ಒಂದು ಸುಖವೆಂದು ಎತ್ತಿಹಿಡಿದವರು ಇಂಗ್ಲೆಂಡಿನವರು. ವಾಲ್ಟರ್ ಮ್ಯಾಕ್‌ಗ್ರೆಗರ್ ರಾಬಿನ್ಸನ್ ಎಂಬವರು ‘ವೇಫೇರರ್’, ಎಂದರೆ ಪಥಿಕ, ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಅವರು, ಯುದ್ಧ ನಿಂತು ನಾಲ್ಕು ತಿಂಗಳಾಗಿದ್ದಾಗ, 1919ರ ಮಾರ್ಚಿಯಲ್ಲಿ, ವೇಲ್ಸಿನ ಬರ್ವಿನ್ ಬೆಟ್ಟಗಳನ್ನು ಹಿಮದಲ್ಲಿ ಸೈಕಲ್ಲಿನೊಡನೆ ದಾಟಿದರು. ಏರಿ ಹೋದುದಕ್ಕಿಂತ ತಳ್ಳಿಕೊಂಡು, ಹಿಮದಲ್ಲಿ ಎಳೆದುಕೊಂಡು ಹೋದುದೇ ಮುಖ್ಯವಾಗಿದ್ದ ಆ ದಾಟುವಿಕೆಯ ವೃತ್ತಾಂತ ಅದೇ ವರ್ಷದ ಮೇ ತಿಂಗಳಲ್ಲಿ ‘ಸೈಕ್ಲಿಂಗ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅವರು ಅದಕ್ಕೆ ಕೊಟ್ಟ ಹೆಸರು ‘ಓವರ್ ದ ಟಾಪ್’. ಕಂದಕದಿಂದ ಎದ್ದು ಗುಂಡಿನ ಮಳೆಗೆ ನುಗ್ಗುವುದಕ್ಕೆ ಸೈನಿಕರು ಬಳಸುತ್ತಿದ್ದ ಮಾತು ಅದು. ಆ ಮಾತನ್ನು ಅದರ ರಕ್ತದಿಂದ ತೊಳೆದು, ಒಂದು ಬೆಟ್ಟದ ಆಚೆಬದಿಯನ್ನು ನೋಡಿ ಬರುವುದಕ್ಕೆ ಬಳಸಿದ ಮನುಷ್ಯನ ಅಂತರಂಗದಲ್ಲಿ ಏನಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಸದಾ ಸೀಟಿನ ಮೇಲೆ, ಸದಾ ಗಟ್ಟಿರಸ್ತೆಯ ಮೇಲೆ ಇರಬೇಕೆಂದು ಹಟ ಹಿಡಿದರೆ ಸೈಕಲ್ ಸವಾರಿಯ ಒಳ್ಳೆಯ ಭಾಗವೇ ಕೈತಪ್ಪುತ್ತದೆ ಎಂಬುದು ಅವರ ನಿಲುವಾಗಿತ್ತು.

ಅವರ ಬರಹಗಳನ್ನು ಓದಿ ಬೆಳೆದವರು ಹಲವರು. 1955ರಲ್ಲಿ ಲೆಮ್‌ಸ್ಟರ್ ಎಂಬ ಸಣ್ಣ ಪಟ್ಟಣದಲ್ಲಿ ಸೇರಿದ ಕೆಲವು ಹತ್ತು ಜನ ‘ರಫ್ ಸ್ಟಫ್ ಫೆಲೋಶಿಪ್’ ಎಂಬ ಸಂಘ ಕಟ್ಟಿದರು. ಕಚ್ಚಾದಾರಿಗಳಲ್ಲಿ ಸೈಕಲ್ ಒಯ್ಯುವುದೇ ಅದರ ಉದ್ದೇಶ. ಮೌಂಟನ್ ಬೈಕೆಂಬುದು ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಳ್ಳಲು ಆಗ ಇನ್ನೂ ಎರಡು ದಶಕಗಳಿದ್ದವು. ಸಂಘದವರ ಬಳಿ ಇದ್ದುದು ಕಬ್ಬಿಣದ ಸಾಮಾನ್ಯ ಟೂರಿಂಗ್ ಸೈಕಲ್ಲುಗಳು, ಸೀಟಿನ ಹಿಂದೆ ಒಂದು ಕ್ಯಾನ್ವಾಸ್ ಚೀಲ. ಹಳ್ಳ ಬಂದರೆ ಹೊತ್ತು ದಾಟುವರು, ಬಂಡೆ ಬಂದರೆ ಒಬ್ಬರಿಂದೊಬ್ಬರು ಕೈಬದಲಿಸಿ ದಾಟಿಸುವರು. 1958ರಲ್ಲಿ ಅವರಲ್ಲಿ ಕೆಲವರು ಐಸ್‌ಲ್ಯಾಂಡಿನ ಒಳನಾಡಿನ ಬೆಂಗಾಡನ್ನು ಸೈಕಲ್ಲುಗಳೊಡನೆ ದಾಟಿದರು. ಅವರ ಹಳೆಯ ಛಾಯಾಚಿತ್ರಗಳು 2019ರಲ್ಲಿ ಪುಸ್ತಕರೂಪದಲ್ಲಿ ಬಂದಾಗ ಹೊಸ ಪೀಳಿಗೆಯವರು ಬೆರಗಾದರು. ಬೆರಗು ಸಾಹಸಕ್ಕಿಂತ ಹೆಚ್ಚಾಗಿ ಸಲಕರಣೆಯ ಅಲ್ಪತೆಗೆ.

ಉತ್ತರ ಇಂಗ್ಲೆಂಡಿನಲ್ಲಿ 1961ರಿಂದ ನಡೆದುಬಂದಿರುವ ‘ತ್ರೀ ಪೀಕ್ಸ್’ ಎಂಬ ಸೈಕ್ಲೋಕ್ರಾಸ್ ಪಂದ್ಯವೂ ಇದೇ ನೆಲದಲ್ಲಿ ಬೇರು ಬಿಟ್ಟುದು. ಮೊದಲ ವರ್ಷ ಅದನ್ನು ಗೆದ್ದ ಜಾನ್ ರಾನ್ಸ್‌ಲಿ ಅವರೇ ಮುಂದೆ ದಶಕಗಳ ಕಾಲ ಅದರ ಸಂಘಟಕರಾಗಿದ್ದರು. ಇಂಗಲ್‌ಬರೊ, ವರ್ನ್‌ಸೈಡ್, ಪೆನ್‌ಇಗೆಂಟ್ ಎಂಬ ಮೂರು ಬೆಟ್ಟಗಳನ್ನು ಹತ್ತಿಳಿಯುವ ಸುಮಾರು 60 ಕಿಲೋಮೀಟರಿನ ಈ ದಾರಿಯಲ್ಲಿ ಹಲವು ಕಿಲೋಮೀಟರುಗಳಷ್ಟು ಸೈಕಲ್ಲನ್ನು ಹೊತ್ತೇ ಸಾಗಬೇಕು. ಆದರೂ ಮೌಂಟನ್ ಬೈಕಿಗೆ ಅಲ್ಲಿ ಪ್ರವೇಶವಿಲ್ಲ. ದಾರಿಯ ಕೆಲವು ಭಾಗಗಳನ್ನು ಭೂಮಾಲೀಕರು ಪಂದ್ಯದ ದಿನಕ್ಕೆ ಮಾತ್ರ ತೆರೆದುಕೊಡುತ್ತಾರೆ. ಉಳಿದ ದಿನಗಳಲ್ಲಿ ಅಲ್ಲಿಗೆ ಅಭ್ಯಾಸಕ್ಕೆಂದು ನುಗ್ಗಬಾರದು. ಹೊಲ ಕಾಡುಗಳಲ್ಲಿ ಸವಾರಿ ಮಾಡುವವರು ಮರೆಯಬಾರದ ಸಂಗತಿ ಇದು. ರಸ್ತೆಯ ಮೇಲೆ ಎಲ್ಲರಿಗೂ ಸಮಾನ ಹಕ್ಕು. ರಸ್ತೆ ಬಿಟ್ಟು ಹೋದೊಡನೆ ಸವಾರನು ಯಾರದೋ ಭೂಮಿಯಲ್ಲಿ, ಯಾವುದೋ ಜೀವದ ಮನೆಯಲ್ಲಿ ಅತಿಥಿ.

ಆ ದೇಶದ ಕಾನೂನು ಈ ವಿಷಯದಲ್ಲಿ ಒಂದು ಒಳ್ಳೆಯ ಕ್ರಮ ಹಾಕಿಕೊಟ್ಟಿದೆ. 1968ರ ಗ್ರಾಮಾಂತರ ಕಾಯಿದೆಯು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಕುದುರೆ ದಾರಿಗಳ ಮೇಲೆ ಸೈಕಲ್ ಸವಾರಿಗೆ ಹಕ್ಕು ಕೊಟ್ಟಿತು. ಜೊತೆಗೆ ನಡೆದು ಹೋಗುವವರಿಗೂ ಕುದುರೆ ಸವಾರರಿಗೂ ಸೈಕಲ್ ಸವಾರನು ದಾರಿ ಬಿಟ್ಟುಕೊಡಬೇಕೆಂಬ ಷರತ್ತನ್ನೂ ಅದೇ ಉಸಿರಿನಲ್ಲಿ ವಿಧಿಸಿತು. ಆ ಷರತ್ತನ್ನು ಕಾಗದದ ಮೇಲೆ ಒಪ್ಪುವುದು ಸುಲಭ. ಇಳಿಜಾರಿನಲ್ಲಿ ವೇಗ ಹಿಡಿದಿರುವಾಗ, ತಿರುವಿನಲ್ಲಿ ಮಗುವಿನ ಕೈಹಿಡಿದ ಮುದುಕಿಯೊಬ್ಬಳು ಕಂಡರೆ, ಬ್ರೇಕು ಅದುಮಿ, ಕಾಲೂರಿ ನಿಂತು, ಆಕೆ ಹೋಗುವ ತನಕ ಕಾಯುವುದರಲ್ಲಿ ಅದರ ಪಾಲನೆಯಿದೆ.

ನೆಲಕ್ಕೆ ಆಗುವ ಹಾನಿಯೂ ಲೆಕ್ಕಕ್ಕೆ ಬರಬೇಕು. ಒಣನೆಲದ ಮೇಲೆ ಉರುಳಿಹೋದ ಚಕ್ರ ಹೆಚ್ಚೇನೂ ಕೆಡಿಸುವುದಿಲ್ಲ. ನೆನೆದ ಇಳಿಜಾರಿನಲ್ಲಿ ಹಿಂದಿನ ಬ್ರೇಕನ್ನು ಬಿಗಿಯಾಗಿ ಅದುಮಿ ಚಕ್ರವನ್ನು ಎಳೆದುಕೊಂಡು ಹೋದರೆ ಹುಲ್ಲು ಕಿತ್ತು ಒಂದು ಗೀರು ಬೀಳುತ್ತದೆ. ಮುಂದಿನ ಮಳೆಯ ನೀರು ಆ ಗೀರನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಅದನ್ನು ತಪ್ಪಿಸಲು ಮುಂದಿನ ಸವಾರನು ಪಕ್ಕದ ಹುಲ್ಲಿನ ಮೇಲೆ ಹೋಗುತ್ತಾನೆ. ಹೀಗೆ ಒಂದು ಮೊಳದ ದಾರಿ ಕೆಲವು ಮಳೆಗಾಲಗಳಲ್ಲಿ ನಾಲ್ಕು ಮಾರು ಅಗಲವಾಗುತ್ತದೆ. ಮಳೆಗಾಲದ ಹಸಿನೆಲದಲ್ಲಿ ಸೂಕ್ಷ್ಮಜೀವಿಗಳಿಗೆ ನೋವಾಗದಿರಲೆಂದು ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವ ಪರಂಪರೆಯನ್ನು ಬಲ್ಲ ಓದುಗರಿಗೆ, ನೆನೆದ ದಾರಿಯಲ್ಲಿ ಇಳಿದು ನಡೆಯಬೇಕೆಂಬ ಮಾತು ವಿಚಿತ್ರವೆನಿಸಲಾರದು. ಸ್ಪರ್ಧೆಯ ಸೈಕ್ಲೋಕ್ರಾಸ್ ಕೆಸರನ್ನು ಹುಡುಕಿಕೊಂಡು ಹೋಗುವ ಆಟವೆಂಬ ಆಕ್ಷೇಪಕ್ಕೆ ಸಮಾಧಾನ ಹೇಳುವುದು ಕಷ್ಟ. ಒಂದೇ ಮೈದಾನಕ್ಕೆ ಸೀಮಿತವಾಗಿರುವುದರಿಂದ ಹಾನಿಗೆ ಒಂದು ಎಲ್ಲೆಯಿದೆ ಎನ್ನಬಹುದು, ಅಷ್ಟೆ.

ಕಳೆದ ಹದಿನೈದು ವರ್ಷಗಳಿಂದೀಚೆಗೆ ಪೇಟೆಯಲ್ಲಿ ‘ಗ್ರಾವೆಲ್’ ಸೈಕಲ್ಲೆಂಬ ಹೊಸ ಜಾತಿ ಬಂದಿದೆ. ಬಾಗಿದ ಹ್ಯಾಂಡಲ್, ಅಗಲ ಟಯರು, ಸಣ್ಣ ಗೇರು, ಉದ್ದ ಫ್ರೇಮು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಸ್ಪರ್ಧೆಯೂ ನಡೆಯಿತು. ನೂರು ವರ್ಷಗಳ ಹಿಂದೆ ವೆಲೊಸಿಯೊ ಅವರು ರೂಢಿಗೆ ತಂದುದನ್ನೇ ಹೊಸ ಹೆಸರಿನಲ್ಲಿ ಮಾರುತ್ತಿದ್ದಾರೆಂದು ಹಳಬರು ಗೊಣಗುತ್ತಾರೆ. ಗೊಣಗುವುದರಲ್ಲಿ ಸತ್ಯವಿದ್ದರೂ ಮಾರುವವರನ್ನು ದೂಷಿಸುವುದು ನ್ಯಾಯವಲ್ಲ. ವೆಲೊಸಿಯೊ ಅವರೂ ಸೈಕಲ್ ಮಾರಿಯೇ ಬದುಕಿದವರು. ಪ್ರಶ್ನೆಯಿರುವುದು ಕೊಳ್ಳುವವನ ಕಡೆ. ರಸ್ತೆಗೊಂದು, ಪ್ರವಾಸಕ್ಕೊಂದು, ಜಲ್ಲಿಗೊಂದು, ಕೆಸರಿಗೊಂದು ಎಂದು ಪಡಸಾಲೆಯಲ್ಲಿ ನಾಲ್ಕು ಸೈಕಲ್ಲುಗಳು ನಿಂತ ಮನೆಯಲ್ಲಿ ಮೂರರ ಟಯರು ಸದಾ ಗಾಳಿ ಕಳೆದುಕೊಂಡಿರುತ್ತದೆ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವ ವ್ರತವನ್ನು ಶ್ರಾವಕರು ಬಂಗಾರ, ಭೂಮಿ, ಧಾನ್ಯಗಳ ವಿಷಯದಲ್ಲಿ ಎಣಿಸುತ್ತಾರೆ. ಆಟದ ಸಾಮಾನುಗಳು ಆ ಪಟ್ಟಿಯಿಂದ ಹೊರಗೆ ಉಳಿಯಬೇಕಾದ ಕಾರಣ ಕಾಣುವುದಿಲ್ಲ. ಸ್ಪರ್ಧೆಯೇ ಜೀವನವಾದವನಿಗೆ ಹಗುರವಾದ ಎರಡನೆಯ ಸೈಕಲ್ಲು ಕಸುಬಿನ ಉಪಕರಣ, ಅದು ಬೇರೆ ಮಾತು. ಹಾಗೆಯೇ, ಹಳೆಯ ಒಂದೇ ಸೈಕಲ್ಲಿನಿಂದ ಎಲ್ಲವನ್ನೂ ಸಾಧಿಸಿದೆನೆಂದು ಹತ್ತು ಜನರೆದುರು ಹೇಳಿಕೊಳ್ಳುವವನು ಅದೇ ಚುಂಗಾಣಿಯನ್ನು ಬಾಯಲ್ಲಿಟ್ಟುಕೊಂಡಿರುತ್ತಾನೆ.

ವೆಲೊಸಿಯೊ ಅವರು ಎಪ್ಪತ್ತು ದಾಟಿದ ಮೇಲೂ ಸವಾರಿ ಬಿಡಲಿಲ್ಲ. 1922ರಿಂದ ಅವರ ಗೌರವಾರ್ಥವಾಗಿ ಸೈಕಲ್ ಸವಾರರು ವರ್ಷಕ್ಕೊಮ್ಮೆ ಸೇಂತ್ ಎತಿಯೆನ್‌ನಿಂದ ಅದೇ ಘಾಟಿಯನ್ನು ಹತ್ತುವ ಸಂಪ್ರದಾಯ ಆರಂಭವಾಯಿತು. 1930ರಲ್ಲಿ, 76ನೆಯ ವಯಸ್ಸಿನಲ್ಲಿ, ಊರಿನ ರಸ್ತೆಯಲ್ಲಿ ಅವರು ಸೈಕಲ್ಲನ್ನು ತಳ್ಳಿಕೊಂಡು ನಡೆದುಹೋಗುತ್ತಿದ್ದಾಗ ಟ್ರಾಂ ಬಡಿದು ತೀರಿಕೊಂಡರು. ಘಾಟಿಯ ನೆತ್ತಿಯಲ್ಲಿ ಅವರ ಸ್ಮಾರಕವಿದೆ. ಈಗ ಅಲ್ಲಿಗೆ ಹೋಗುವುದು ನುಣುಪಾದ ಡಾಂಬರು ರಸ್ತೆ.

ವೇಫೇರರ್ ಅವರು 1956ರಲ್ಲಿ ತೀರಿಕೊಂಡರು. ಮರುವರ್ಷ ರಫ್ ಸ್ಟಫ್ ಸಂಘದವರು ಬರ್ವಿನ್ ಬೆಟ್ಟದ ಆ ದಾರಿಯ ನೆತ್ತಿಯಲ್ಲಿ ಅವರ ನೆನಪಿನ ಕಲ್ಲೊಂದನ್ನು ನಿಲ್ಲಿಸಿದರು. ಅಲ್ಲಿಗೆ ಇಂದಿಗೂ ಡಾಂಬರು ಹೋಗಿಲ್ಲ. ಕಲ್ಲಿನ ಬಳಿ ಒಂದು ಪೆಟ್ಟಿಗೆಯಲ್ಲಿ ಪುಸ್ತಕವೊಂದನ್ನು ಇಟ್ಟಿರುತ್ತಾರೆ. ಮೇಲೆ ಬಂದವರು ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ, ಕೈಯ ಕೆಸರನ್ನು ಒರೆಸಿಕೊಂಡು, ಅದರಲ್ಲಿ ತಮ್ಮ ಹೆಸರು ಬರೆಯುತ್ತಾರೆ. ಹತ್ತಿ ಬಂದವರು, ತಳ್ಳಿಕೊಂಡು ಬಂದವರು ಎಂದು ಅದರಲ್ಲಿ ಬೇರೆ ಬೇರೆ ಅಂಕಣಗಳಿಲ್ಲ.